ಎಂಟನೇ ನಂಬರ್ ಇಲ್ಲದ ಮನೆ: ಬಳಕೆದಾರರ ಕೈಪಿಡಿ

ಬಳಸುವ ಮುನ್ನ ಓದಿ

ಹಿಮೋಫಿಲಿಯಾ, ಅಂದರೆ ಪತ್ರಿಕೆಗಳು ಕುಸುಮ ರೋಗ ಎಂದು ಬರೆಯುವ ಕಾಯಿಲೆ, ಇರುವ ಹುಡುಗನ ಮನೆಯನ್ನು ನಡೆಸುವ ಹೊಣೆ ಹೊತ್ತ ನಿಮಗೆ ಸ್ವಾಗತ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಸ್ವಂತ, ಬಾಡಿಗೆ ಹಾಗೂ ಲೀಸ್ ಮನೆಗಳಿಗೆಲ್ಲ ಈ ಕೈಪಿಡಿ ಅನ್ವಯಿಸುತ್ತದೆ. ಹುಡುಗನ ಬಗ್ಗೆ ಇಲ್ಲಿ ಹೆಚ್ಚು ಹೇಳಿಲ್ಲ. ಅವನಿಗೆ ಬೇಕಾದದ್ದು ಒಂದೇ ಔಷಧ. ಅದು ಹೊತ್ತಿಗೆ ಸರಿಯಾಗಿ ನರಕ್ಕೆ ಹೋದರೆ ಅವನೂ ಉಳಿದ ಹುಡುಗರಷ್ಟೇ ತಂಟೆ ಮಾಡಿಕೊಂಡಿರುತ್ತಾನೆ. ಸೂಚನೆ ಬೇಕಾಗಿರುವುದು ಅವನ ಸುತ್ತಲಿನ ಮನೆಗೆ.

ಎಚ್ಚರಿಕೆ: ಸೂಜಿ ಚುಚ್ಚಿದರೂ ಸಾಕು, ರಕ್ತ ನಿಲ್ಲದೆ ಪ್ರಾಣ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಮರೆತುಬಿಡಿ. ಸಣ್ಣ ಗೀರು ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಜವಾದ ತೊಂದರೆ ಚರ್ಮದೊಳಗಿನದು. ಮಂಡಿ, ಮೊಣಕೈ, ಪಾದದ ಕೀಲುಗಳೊಳಗೆ ರಕ್ತ ಸೋರಿ ತುಂಬಿಕೊಳ್ಳುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆದ್ದರಿಂದ ಈ ಮನೆಯ ಪೂರ್ಣಾವಧಿ ಕೆಲಸ ಕಾಣದ ರಕ್ತಕ್ಕೆ ಪುರಾವೆ ಒದಗಿಸುವುದು. ಶಾಲೆಗೆ, ಆಫೀಸಿಗೆ, ಆಸ್ಪತ್ರೆಗೆ, ಬೀಗರಿಗೆ, ಸರ್ಕಾರಕ್ಕೆ, ದಿನಕ್ಕೊಬ್ಬರಂತೆ.

1. ಭಾಗಗಳ ಪಟ್ಟಿ

ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳಿಗೆ 1ರಿಂದ 13ರವರೆಗೆ ನಂಬರ್ ಕೊಟ್ಟಿದ್ದಾರೆ. ಅದರಲ್ಲಿ 6ನೆಯದು ಯಾರ ಮೈಯಲ್ಲೂ ಇಲ್ಲ. ಅದು 5ನೆಯದರದೇ ಇನ್ನೊಂದು ರೂಪವೆಂದು ಆಮೇಲೆ ಗೊತ್ತಾಗಿ ಆ ನಂಬರನ್ನು ಖಾಲಿ ಬಿಟ್ಟರು. ಜಯನಗರದಲ್ಲಿ 6ನೇ ಬ್ಲಾಕ್ ಇದೆ ಎಂಬ ಸಮಾಧಾನ ನಿಮಗಿರಲಿ. ನಿಮ್ಮ ಹುಡುಗನಲ್ಲಿ ಕೊರತೆಯಿರುವುದು 8ನೆಯದು. ಅದು ಹಿಮೋಫಿಲಿಯಾ ಎ. ಹೆಚ್ಚುಕಡಿಮೆ 5,000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. 9ನೆಯದರ ಕೊರತೆಯಾದರೆ ಬಿ. ಅದು ಇನ್ನೂ ಅಪರೂಪ. ಆ ಫ್ಯಾಕ್ಟರ್ ಮೈಯಲ್ಲಿ ಶೇ. 1ಕ್ಕಿಂತ ಕಡಿಮೆಯಿದ್ದರೆ ‘ಸಿವಿಯರ್’ ಎಂದು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳಿ. ಮುಂದೆ ಬಹಳ ಕಡೆ ತೋರಿಸಬೇಕಾಗುತ್ತದೆ.

ಮನೆಯೊಳಗೆ ಮೊದಲು ಬರುವ ಪ್ರಶ್ನೆ: “ಇದು ಯಾರ ಕಡೆಯಿಂದ ಬಂತು?” ಸಾಮಾನ್ಯವಾಗಿ ಅತ್ತೆಯವರು ಸೊಸೆಯ ಎದುರಿಗೇ, ಗೋಡೆಯನ್ನು ನೋಡುತ್ತ ಕೇಳುತ್ತಾರೆ. ಉತ್ತರ ಹೀಗಿರಲಿ: ದೋಷ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ತಾಯಿ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಸುಮಾರು ಮೂರರಲ್ಲೊಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ, ದೋಷ ಹೊಸದಾಗಿ ಹುಟ್ಟಿರುತ್ತದೆ. ಇಷ್ಟಕ್ಕೂ ಸಮಾಧಾನವಾಗದಿದ್ದರೆ ಅವರನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ ವಿಕ್ಟೋರಿಯಾ ರಾಣಿಯ ಪ್ರತಿಮೆ ತೋರಿಸಿ. ಲೋಕದ ಅತಿ ಪ್ರಸಿದ್ಧ ವಾಹಕಿ ಆಕೆಯೇ. ಆಕೆಯ ಮಗ ಲಿಯೊಪೋಲ್ಡ್ 1884ರಲ್ಲಿ ಬಿದ್ದು, 30ನೇ ವಯಸ್ಸಿನಲ್ಲಿ ತೀರಿಕೊಂಡ. ಆ ವಂಶದ್ದು ಹಿಮೋಫಿಲಿಯಾ ಬಿ ಎಂಬುದು ರಷ್ಯಾದ ರಾಜಮನೆತನದವರ ಮೂಳೆಗಳ ಡಿಎನ್ಎಯಿಂದ 2009ರಲ್ಲಷ್ಟೇ ಖಚಿತವಾಯಿತು. ಆಕೆಯ ಆಳ್ವಿಕೆಗೆ 60 ವರ್ಷ ತುಂಬಿದ ನೆನಪಿಗೆ 1897ರಲ್ಲಿ ಅಡಿಗಲ್ಲು ಹಾಕಿ, 1900ರಲ್ಲಿ ತೆರೆದ ಆಸ್ಪತ್ರೆ ನಮ್ಮ ಕೆ.ಆರ್. ಮಾರ್ಕೆಟ್ ಪಕ್ಕದಲ್ಲೇ ಇದೆ. ‘ಯಾರ ಕಡೆಯಿಂದ’ ಎಂದು ಆ ರಾಣಿಯನ್ನು ಯಾರೂ ಕೇಳಲಿಲ್ಲ.

2. ಸಂಗ್ರಹಣೆ ಮತ್ತು ಅಳತೆ

ಔಷಧ ಪುಡಿಯ ರೂಪದಲ್ಲಿ, ಪುಟ್ಟ ಸೀಸೆಯಲ್ಲಿ ಬರುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ನಲ್ಲಿ ಕೂಡದು. ದೋಸೆ ಹಿಟ್ಟಿನ ಡಬ್ಬಿಗೂ ಮಲ್ಲಿಗೆ ಮೊಗ್ಗಿನ ಪೊಟ್ಟಣಕ್ಕೂ ನಡುವೆ ಒಂದು ಖಾನೆ ಖಾಲಿ ಮಾಡಿಸಿ. “ಅದರಲ್ಲೇನಿದೆ?” ಎಂದು ಕೆಲಸದಾಕೆ ಕೇಳಿದರೆ ನಿಜ ಹೇಳಿ. ಫ್ರಿಜ್ ಒರೆಸುವಾಗ ಸೀಸೆಯನ್ನು ಹುಷಾರಾಗಿ ಎತ್ತಿಡುವವಳು ಆಕೆಯೇ.

ಅಳತೆ ಹೀಗೆ. 8ನೇ ಫ್ಯಾಕ್ಟರ್ ಆದರೆ, ಮೈತೂಕದ ಪ್ರತಿ ಕಿಲೋಗೆ 1 ಯೂನಿಟ್ ಕೊಟ್ಟರೆ ರಕ್ತದಲ್ಲಿನ ಮಟ್ಟ ಸುಮಾರು ಶೇ. 2ರಷ್ಟು ಏರುತ್ತದೆ. 20 ಕಿಲೋದ ಹುಡುಗನ ಮಂಡಿಗೆ ಶೇ. 40 ಮುಟ್ಟಿಸಲು 400 ಯೂನಿಟ್. ಅದೇ ಹುಡುಗ ಬೆಳೆದು 60 ಕಿಲೋ ಆದಾಗ ಅದೇ ಮಂಡಿಗೆ 1,200. ತಲೆಗೆ ಪೆಟ್ಟು ಬಿದ್ದು ಶೇ. 100ಕ್ಕೆ ಏರಿಸಬೇಕಾದರೆ 3,000. ಅದೂ ಒಂದು ಸಲಕ್ಕೆ ಮುಗಿಯದು. ಕೊಟ್ಟದ್ದರಲ್ಲಿ ಅರ್ಧ 8ರಿಂದ 12 ಗಂಟೆಯೊಳಗೆ ಕರಗಿರುತ್ತದೆ. ಉಳಿದ ಮನೆಗಳಲ್ಲಿ ಮಗ ಇನ್ನೊಂದು ಚಪಾತಿ ಹಾಕಿಸಿಕೊಂಡರೆ ತಾಯಿಗೆ ಖುಷಿ. ಈ ಮನೆಯಲ್ಲಿ ಖುಷಿಯ ಜೊತೆ ಒಂದು ಗುಣಾಕಾರವೂ ನಡೆಯುತ್ತದೆ.

3. ಸಾಗಾಟ

ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತ. ಈ ವಾಕ್ಯವನ್ನು ಎರಡು ಸಲ ಓದಿ, ಏಕೆಂದರೆ ಇದು ದೊಡ್ಡ ಮಾತು. ಅಜ್ಜಂದಿರ ಕಾಲದಲ್ಲಿ ಇಂಥ ಹುಡುಗರಿಗೆ ಪ್ಲಾಸ್ಮಾ, ಆಮೇಲೆ ಅದರಿಂದಲೇ ತೆಗೆದ ಕ್ರಯೋ ಎಂದು ಬಾಟಲಿಗಟ್ಟಲೆ ಏರಿಸುತ್ತಿದ್ದರು. ಅದರ ಜೊತೆ ಕಾಮಾಲೆ, ಎಚ್ಐವಿ ಹತ್ತಿಸಿಕೊಂಡವರು ಜಗತ್ತಿನೆಲ್ಲೆಡೆ ಇದ್ದಾರೆ. ಈಗ ಉಳಿದಿರುವ ಪ್ರಶ್ನೆ ಉಚಿತ ಔಷಧದವರೆಗೆ ಹೋಗಿ ಮುಟ್ಟುವುದು ಹೇಗೆ ಎಂಬುದು.

ಅ) ರಾತ್ರಿ 10 ದಾಟಿದರೆ ಆಟೋದವರು ಒಂದೂವರೆ ಕೇಳುತ್ತಾರೆ, ಕೊಡಿ. ಆದರೆ ಹಂಪ್ ಬಂದಾಗ ನಿಧಾನ ಮಾಡಲು ಮೊದಲೇ ಹೇಳಿ. ತುಂಬಿದ ಮಂಡಿಗೆ ಬನ್ನೇರುಘಟ್ಟ ರಸ್ತೆಯ ಒಂದೊಂದು ಹಂಪೂ ಲೆಕ್ಕ ಸಿಗುತ್ತದೆ.

ಆ) ಹಗಲಾದರೆ ಮೆಟ್ರೊ ವಾಸಿ. ಹಸಿರು ಮಾರ್ಗದಲ್ಲಿ ಜೆ.ಪಿ. ನಗರ, ಬನಶಂಕರಿ, ಜಯನಗರ. 2025ರ ಆಗಸ್ಟಿನಿಂದ ಹಳದಿ ಮಾರ್ಗದಲ್ಲಿ ರಾಗಿಗುಡ್ಡ, ಬಿಟಿಎಂ. ಯಾವ ನಿಲ್ದಾಣದ ಲಿಫ್ಟ್ ರಸ್ತೆಯ ಯಾವ ಬದಿಗಿದೆ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ.

ಇ) ಕ್ಯಾಷುಯಲ್ಟಿಯಲ್ಲಿ ಹೊಸ ಡ್ಯೂಟಿ ಡಾಕ್ಟರ್ ಇದ್ದರೆ “ಮೊದಲು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ” ಎನ್ನುತ್ತಾರೆ. ಕೈಮುಗಿದು, ಫೈಲು ತೆರೆದು, “ಡಾಕ್ಟ್ರೇ, ಮೊದಲು ಫ್ಯಾಕ್ಟರ್, ಆಮೇಲೆ ಎಕ್ಸ್‌ರೇ” ಎನ್ನಿ. ನೋವಿಗೆಂದು ಸೊಂಟಕ್ಕೆ ಇಂಜೆಕ್ಷನ್ ಕೊಡಲು ಬಂದರೆ ತಡೆಯಿರಿ. ಮಾಂಸಖಂಡಕ್ಕೆ ಚುಚ್ಚಿದರೆ ಅಲ್ಲೊಂದು ಹೊಸ ರಕ್ತಸ್ರಾವ. ಡಾಕ್ಟರಿಗೆ ಪಾಠ ಹೇಳುವಾಗ ಡಾಕ್ಟರಿಗೆ ಪಾಠ ಹೇಳುತ್ತಿರುವಂತೆ ಕಾಣಬಾರದು. ಈ ಕಲೆ ಬರಲು ವರ್ಷಗಳು ಬೇಕು.

ಈ) “ಸ್ಟಾಕ್ ಇಲ್ಲ, ಸೋಮವಾರ ಬನ್ನಿ” ಎಂಬ ಉತ್ತರಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ. ಕೀಲಿನೊಳಗಿನ ರಕ್ತ ಸೋಮವಾರಕ್ಕೆ ಕಾಯುವುದಿಲ್ಲ. ಇಂಥ ದಿನಗಳಿಗೆಂದೇ 6ನೇ ಅಧ್ಯಾಯವಿದೆ.

4. ಶಾಲೆಗೆ ಜೋಡಿಸುವ ವಿಧಾನ

ದಾಖಲಾತಿಯ ಅರ್ಜಿಯಲ್ಲಿ ‘ಆರೋಗ್ಯ ಸಮಸ್ಯೆ ಇದ್ದರೆ ತಿಳಿಸಿ’ ಎಂಬ ಸಾಲಿದೆ. ತಿಳಿಸಿದರೆ “ನಮ್ಮಲ್ಲಿ ಸೀಟು ಭರ್ತಿಯಾಗಿದೆ” ಎಂಬ ಉತ್ತರ ಬರಬಹುದು. ತಿಳಿಸದಿದ್ದರೆ ಮೊದಲ ವಾರವೇ ಮೆಟ್ಟಿಲಲ್ಲಿ ಬಿದ್ದಾಗ ಯಾರಿಗೂ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ತಿಳಿಸಿ. ಅರ್ಜಿಯ ಜೊತೆಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಒಂದು ಪ್ರತಿ ಇಟ್ಟುಕೊಳ್ಳಿ. ಆ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾ ಇದೆ; ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎಂದೂ ಇದೆ. ಪ್ರತಿಯನ್ನು ಮೇಜಿನ ಮೇಲೆ ಇಡಿ, ಬೀಸಬೇಡಿ.

ಸೇರಿದ ಮೇಲೆ ಮೂವರ ಜೊತೆ ಮಾತಾಡಬೇಕು.

ಪಿ.ಟಿ. ಮೇಷ್ಟ್ರು: ಅವರಲ್ಲಿ ಎರಡು ಬಗೆ. “ಗಂಡು ಹುಡುಗ, ಓಡಲಿ ಬಿಡಿ” ಎನ್ನುವವರು ಮತ್ತು ಹುಡುಗನನ್ನು ವರ್ಷವಿಡೀ ಬೆಂಚಿನ ಮೇಲೆ ಕೂರಿಸಿ ಉಳಿದವರ ನೀರಿನ ಬಾಟಲಿ ಕಾಯಲು ಹಚ್ಚುವವರು. ಎರಡೂ ತಪ್ಪು. ಕೀಲಿನ ಸುತ್ತ ಮಾಂಸಖಂಡ ಗಟ್ಟಿಯಿದ್ದಷ್ಟೂ ರಕ್ತಸ್ರಾವ ಕಡಿಮೆ. ಈಜು, ನಡಿಗೆ, ಟೆನಿಸ್ ಬಾಲ್ ಕ್ರಿಕೆಟ್ ಇರಲಿ. ಕಬಡ್ಡಿ, ಕಾರ್ಕ್ ಬಾಲ್ ಬೇಡ.

ಕ್ಲಾಸ್ ಮಿಸ್: “ನಿನ್ನೆ ಚೆನ್ನಾಗೇ ಇದ್ನಲ್ಲ?” ಎಂದು ಇವರು ಕೇಳುತ್ತಾರೆ, ಅದರಲ್ಲೂ ಯೂನಿಟ್ ಟೆಸ್ಟ್ ದಿನ. ಹೌದು, ನಿನ್ನೆ ಚೆನ್ನಾಗಿದ್ದ. ಈ ಕಾಯಿಲೆಯ ರೀತಿಯೇ ಅದು. ಶನಿವಾರ ಓಡಿದ ಕಾಲು ಸೋಮವಾರ ಊರಲು ಬಾರದು, ಗುರುವಾರ ಮತ್ತೆ ಓಡುತ್ತದೆ. ಒಂದೇ ಸಮನೆ ಕುಂಟುವವನನ್ನು ಲೋಕ ನಂಬುತ್ತದೆ, ಬಿಟ್ಟು ಬಿಟ್ಟು ಕುಂಟುವವನಿಗೆ ‘ಕಳ್ಳಾಟ’ ಎಂಬ ಹೆಸರು ಕೊಡುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಹೀಗಾಗಿ ಪ್ರತಿ ರಕ್ತಸ್ರಾವಕ್ಕೂ ಒಂದು ವೈದ್ಯರ ಚೀಟಿ, ಪ್ರತಿ ಚೀಟಿಗೂ ಒಂದು ಜೆರಾಕ್ಸ್, ಪ್ರತಿ ಜೆರಾಕ್ಸಿಗೂ ಶಾಲೆಯ ಸ್ವೀಕೃತಿ ಸಹಿ.

ಹುಡುಗನ ಗೆಳೆಯರು: ಇವರಿಗೆ ಒಮ್ಮೆ ಹೇಳಿದರೆ ಸಾಕು. ಚೀಟಿ ಕೇಳುವುದಿಲ್ಲ.

5. ನೌಕರಿಗೆ ಜೋಡಿಸುವ ವಿಧಾನ

ಹುಡುಗ ಈಗ ದೊಡ್ಡವನು. ಬಿಟಿಎಂನ ಪಿ.ಜಿ.ಯೊಂದರಲ್ಲಿ ರೂಮು ಹಿಡಿದಿದ್ದಾನೆ ಎಂದುಕೊಳ್ಳೋಣ. ಬೈಕಿನಲ್ಲಿ ಊಟ ತಲುಪಿಸುವ ಕೆಲಸಕ್ಕೆ ಮಂಡಿ ಒಪ್ಪುವುದಿಲ್ಲ, ಗೋದಾಮಿನ ಕೆಲಸಕ್ಕೆ ಮೊಣಕೈ ಒಪ್ಪುವುದಿಲ್ಲ. ಕೂತು ಮಾಡುವ ಕೆಲಸ ಬೇಕು, ಕೂರಲು ಓದಿರಬೇಕು, ಓದಲು ಹಾಜರಿ ಇರಬೇಕಿತ್ತು (ನೋಡಿ: ಅಧ್ಯಾಯ 4).

ಸಂದರ್ಶನದಲ್ಲಿ ಹೇಳಬೇಕೇ ಬೇಡವೇ? ಹೇಳಿದವರು ಕೆಲಸ ಸಿಗದೆ ಮನೆಗೆ ಬಂದಿದ್ದಾರೆ. ಹೇಳದವರು ಮೊದಲ ರಜೆಯಲ್ಲೇ ಸಿಕ್ಕಿಬಿದ್ದಿದ್ದಾರೆ. “ನಿನ್ನೆ ಚೆನ್ನಾಗಿದ್ರಲ್ಲ?” ಎಂದು ಇಲ್ಲೂ ಕೇಳುತ್ತಾರೆ, ಇಂಗ್ಲಿಷಿನಲ್ಲಿ. ಮನೆಯಿಂದಲೇ ಕೆಲಸ ಮಾಡುವ ವ್ಯವಸ್ಥೆ ಇಂಥವರಿಗೆ ಸಿಕ್ಕ ವರ. ಆಫೀಸಿಗೆ ಮತ್ತೆ ಬನ್ನಿ ಎಂಬ ಇ-ಮೇಲ್ ಬಂದ ದಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿಗಿಂತ ಹೆಚ್ಚು ಚಿಂತೆ ಈ ಮನೆಗಳಲ್ಲಿ ಆಗಿದೆ.

ಸರ್ಕಾರಿ ನೌಕರಿ ಬೇಕೆನ್ನುವವರು ಈ ಭಾಗವನ್ನು ನಿಧಾನವಾಗಿ ಓದಿ. 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾ ಇದೆ ಎಂದೆವಲ್ಲ, ಉನ್ನತ ಶಿಕ್ಷಣದ ಶೇ. 5 ಮೀಸಲಿಗೆ ಅದು ಒದಗುತ್ತದೆ. ಆದರೆ ಅದೇ ಕಾಯ್ದೆಯ 34ನೇ ಸೆಕ್ಷನ್, ನೌಕರಿಯಲ್ಲಿ ಶೇ. 4 ಮೀಸಲು ಯಾರಿಗೆ ಎಂದು ಎಣಿಸುವಾಗ, ರಕ್ತದ ಕಾಯಿಲೆಗಳನ್ನು ಬಿಟ್ಟಿದೆ. ದೃಷ್ಟಿ, ಶ್ರವಣ, ಚಲನಾಂಗ, ಬುದ್ಧಿ ಮತ್ತು ಮನಸ್ಸಿಗೆ ಸಂಬಂಧಿಸಿದವು, ಬಹುವಿಧ ವೈಕಲ್ಯ ಎಲ್ಲವೂ ಅಲ್ಲಿವೆ, ರಕ್ತವಿಲ್ಲ. ಹಿಮೋಫಿಲಿಯಾ ಇರುವವನಿಗೆ ಉಳಿದಿರುವ ದಾರಿ ಚಲನಾಂಗದ ಬಾಗಿಲು. ಅದು ತೆರೆಯಬೇಕಾದರೆ ಮಂಡಿ ಮಡಚದಂತೆ ಸೆಟೆದುಕೊಂಡಿರಬೇಕು.

ಕಾರ್ಯವಿಧಾನ ಹೀಗಾಯಿತು:

(1) ಬಾಲ್ಯದಲ್ಲಿ ಹೊತ್ತಿಗೆ ಔಷಧ ಕೊಡಿಸಿ ಕೀಲು ಉಳಿಸಿಕೊಂಡಿರಾ? ಅಭಿನಂದನೆ. ಮೀಸಲಾತಿ ಇಲ್ಲ.
(2) ಔಷಧ ಸಿಗದೆ ಕೀಲು ಹಾಳಾಯಿತೇ? ವಿಷಾದ. ಅರ್ಜಿ ಹಾಕಬಹುದು.
(3) ಕೀಲು ಅರ್ಧ ಹಾಳಾಗಿ, ವೈದ್ಯಕೀಯ ಮಂಡಳಿಯ ಲೆಕ್ಕದಲ್ಲಿ ವೈಕಲ್ಯ ಶೇ. 40ಕ್ಕೆ ತುಸು ಕಡಿಮೆ ಬಂತೇ? ವಿಷಾದವೂ ಇದೆ, ಮೀಸಲಾತಿಯೂ ಇಲ್ಲ.

6. ಹಣಕಾಸು ನಿರ್ವಹಣೆ

ಮೊದಲು ಕಣ್ಣಿಗೆ ಕಾಣುವ ಖರ್ಚು. ಸರ್ಕಾರಿ ಸ್ಟಾಕ್ ಮುಗಿದ ದಿನ ಹೊರಗೆ ಕೊಂಡರೆ ಒಂದು ಕಂತಿಗೇ ಸಾವಿರಾರು ರೂಪಾಯಿ. ದೊಡ್ಡ ರಕ್ತಸ್ರಾವವಾದರೆ ಆಭರಣ ಸಾಲದ ಬೋರ್ಡುಗಳು ಜಯನಗರದ ಪ್ರತಿ ಬ್ಲಾಕಿನಲ್ಲೂ ಏಕಿವೆ ಎಂಬುದು ಅರ್ಥವಾಗುತ್ತದೆ.

ಇನ್ನು ಕಾಣದ ಖರ್ಚು. ಇದನ್ನು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ, ಆದರೆ ಮನೆ ನಿಜವಾಗಿ ಸೊರಗುವುದು ಇಲ್ಲೇ.

ಅಮ್ಮನ ಸಂಬಳ: ಶಾಲೆಯಿಂದ ಫೋನ್ ಬಂದಾಗ ಓಡಲು ಒಬ್ಬರು ಬೇಕು. ಇಬ್ಬರಲ್ಲಿ ಯಾರ ಸಂಬಳ ಕಡಿಮೆಯೋ ಅವರು ಕೆಲಸ ಬಿಡಬೇಕು ಎಂಬ ತೀರ್ಮಾನ ಗಣಿತದಂತೆ ಕಾಣುತ್ತದೆ. ಅಮ್ಮನ ಸಂಬಳ ಹೆಚ್ಚಿದ್ದ ಮನೆಗಳಲ್ಲೂ ಬಿಟ್ಟವಳು ಅಮ್ಮನೇ. ಇದನ್ನು ಖರ್ಚಿನ ಪುಸ್ತಕದಲ್ಲಿ ಬರೆಯಿರಿ, ಪ್ರತಿ ತಿಂಗಳೂ. ತ್ಯಾಗ ಎಂದು ಬರೆಯಬೇಡಿ, ಮೊತ್ತ ಬರೆಯಿರಿ.

ಅಪ್ಪನ ಸರಪಳಿ: ಕಂಪನಿಯ ಗುಂಪು ವಿಮೆಯಲ್ಲಿ ಮೊದಲಿನಿಂದ ಇರುವ ಕಾಯಿಲೆಗೂ ಸಾಮಾನ್ಯವಾಗಿ ರಕ್ಷಣೆ ಸಿಗುತ್ತದೆ, ಸ್ವಂತಕ್ಕೆ ಪಾಲಿಸಿ ಕೊಳ್ಳಲು ಹೋದರೆ ‘ಹುಟ್ಟಿನಿಂದ’ ಎಂಬ ಪದ ಕೇಳಿದೊಡನೆ ಏಜೆಂಟರ ಮುಖ ಇಳಿಯುತ್ತದೆ. ಹಾಗಾಗಿ ಅಪ್ಪ ಮ್ಯಾನೇಜರ್ ಬೈದರೂ ಕೆಲಸ ಬಿಡುವುದಿಲ್ಲ, ಸ್ವಂತ ಅಂಗಡಿಯ ಕನಸು ಕಾಣುವುದಿಲ್ಲ.

ಬಾಡಿಗೆ: ಲಿಫ್ಟ್ ಇಲ್ಲದ ಮೂರನೇ ಮಹಡಿ ಅಗ್ಗ. ನಿಮಗೆ ನೆಲಮಹಡಿಯೇ ಬೇಕು, ಅದೂ ಆಸ್ಪತ್ರೆಗೆ ಹತ್ತಿರ. ಅಡ್ವಾನ್ಸ್ ಕೇಳಿದಾಗ ಮಂಡಿಯ ವಿಷಯ ಮಾಲೀಕರಿಗೆ ಹೇಳಬೇಡಿ. ಅನುಕಂಪ ತೋರಿಸುತ್ತಾರೆ, ಬಾಡಿಗೆ ಇಳಿಸುವುದಿಲ್ಲ.

ತಂಗಿಯ ಪಾಲು: ತಂಗಿಗೂ ಸಂಗೀತದ ಕ್ಲಾಸು ಬೇಕಿತ್ತು. ಅವಳು ಕೇಳುವುದನ್ನು ಬಿಟ್ಟಿದ್ದಾಳೆ. ಅವಳು ಕೇಳದಿದ್ದರೂ ನೀವು ಕೇಳಿ.

ಬರುವ ಕಡೆ: 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಹಿಮೋಫಿಲಿಯಾ ಚಿಕಿತ್ಸೆಯ ಖರ್ಚಿಗೆ 40,000 ರೂಪಾಯಿವರೆಗೆ, ಹಿರಿಯ ನಾಗರಿಕರಾದರೆ 1 ಲಕ್ಷದವರೆಗೆ ಕಡಿತ ಕೊಡುತ್ತಿತ್ತು. ತಜ್ಞ ವೈದ್ಯರ ಚೀಟಿ ಬೇಕಿತ್ತು, ಮತ್ತು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗಷ್ಟೇ. ಚಿಕಿತ್ಸೆಗೆ ಪರವೂರಿಗೆ ಹೋಗುವ ಮಧ್ಯಮ ಮತ್ತು ತೀವ್ರ ಸ್ವರೂಪದ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆ ಸ್ಲೀಪರ್‌ನಲ್ಲಿ, ಎ.ಸಿ. 3 ಟಯರ್‌ನಲ್ಲಿ ಶೇ. 75 ರಿಯಾಯಿತಿ ಕೊಡುತ್ತದೆ. ಕೌಂಟರಿನವರಿಗೆ ಗೊತ್ತಿರಲಿಕ್ಕಿಲ್ಲ. ತಾಳ್ಮೆಯಿಂದ ಹೇಳಿ, ಅಭ್ಯಾಸ ಹೇಗೂ ಆಗಿದೆ.

7. ತೊಂದರೆ ನಿವಾರಣೆ

ಲಕ್ಷಣ: ಊತವಿಲ್ಲ, ಆದರೂ ಹುಡುಗ “ಒಳಗೆ ಜುಮ್ ಅಂತಿದೆ ಅಮ್ಮಾ” ಎನ್ನುತ್ತಾನೆ.
ಪರಿಹಾರ: ಊತ ಬರಲಿ ಎಂದು ಕಾಯಬೇಡಿ. ಫ್ಯಾಕ್ಟರ್ ಕೊಡಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರಿಸಿ ಮಲಗಿಸಿ. ಮೊದಲು ತಿಳಿಯುವುದು ಅವನಿಗೇ, ಯಂತ್ರಕ್ಕಲ್ಲ.

ಲಕ್ಷಣ: ಬಲ ತೊಡೆಸಂದಿಯಲ್ಲಿ ನೋವು, ಕಾಲು ನೀಡಲಾಗುತ್ತಿಲ್ಲ.
ಪರಿಹಾರ: ಸೊಂಟದ ಒಳಗಿನ ಸ್ನಾಯುವಿನಲ್ಲಿ ರಕ್ತ ಸೇರಿರಬಹುದು. ಅಪೆಂಡಿಸೈಟಿಸ್‌ನಂತೆ ಕಾಣುತ್ತದೆ. ಸರ್ಜನ್ ಚಾಕು ಎತ್ತುವ ಮುನ್ನ ಫೈಲು ಎತ್ತಿ.

ಲಕ್ಷಣ: ತಲೆಗೆ ಪೆಟ್ಟು ಬಿದ್ದಿದೆ, ಆದರೆ ಆಟವಾಡಿಕೊಂಡಿದ್ದಾನೆ.
ಪರಿಹಾರ: ಆಟ ನಿಲ್ಲಿಸಿ, ಹೊರಡಿ. ಫ್ಯಾಕ್ಟರ್ ಮೊದಲು, ಸ್ಕ್ಯಾನ್ ನಂತರ.

ಲಕ್ಷಣ: ಪಕ್ಕದ ಮನೆಯ ಅಂಕಲ್ ತಮ್ಮ ಮಂಡಿನೋವಿನ ಮಾತ್ರೆ ಕೊಟ್ಟಿದ್ದಾರೆ.
ಪರಿಹಾರ: ಥ್ಯಾಂಕ್ಸ್ ಹೇಳಿ, ಡಸ್ಟ್‌ಬಿನ್ನಿಗೆ ಹಾಕಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಆಗಬಹುದು.

ಲಕ್ಷಣ: ಎಷ್ಟು ಫ್ಯಾಕ್ಟರ್ ಕೊಟ್ಟರೂ ಕೆಲಸ ಮಾಡುತ್ತಿಲ್ಲ.
ಪರಿಹಾರ: ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ 10ಕ್ಕೆ ಸುಮಾರು 3 ಜನರ ಮೈ ಆ ಔಷಧವನ್ನೇ ಶತ್ರುವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಕಟ್ಟುತ್ತದೆ. ಪರೀಕ್ಷೆ ಮಾಡಿಸಿ. ಆಗ ಬೇಕಾಗುವ ಬದಲಿ ಔಷಧಗಳು ಇನ್ನೂ ದುಬಾರಿ.

ಲಕ್ಷಣ: ಸೋದರತ್ತೆ, “ಬನಶಂಕರಿ ಅಮ್ಮನಿಗೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿಸಿದ್ರಾ?” ಎಂದು ಕೇಳುತ್ತಿದ್ದಾರೆ.
ಪರಿಹಾರ: ಹಚ್ಚಿಸಿ. ಹೋದಾಗ ಹುಡುಗನನ್ನು ಕ್ಯೂನಲ್ಲಿ ನಿಲ್ಲಿಸಬೇಡಿ.

8. ಹೊಸ ಮಾದರಿಗಳು

ಎಮಿಸಿಜುಮಾಬ್ ಎಂಬ ಔಷಧ ಬಂದಿದೆ. ನರ ಹುಡುಕಬೇಕಾಗಿಲ್ಲ, ಚರ್ಮದಡಿಗೆ ವಾರಕ್ಕೊಮ್ಮೆ, ಇಲ್ಲವೇ ನಾಲ್ಕು ವಾರಕ್ಕೊಮ್ಮೆ ಕೊಟ್ಟರಾಯಿತು. ಹಿಮೋಫಿಲಿಯಾ ಎ ಇದ್ದವರಿಗೆ ಮಾತ್ರ. ವೆಲ್ಲೂರಿನ ಸಿಎಂಸಿಯಲ್ಲಿ ತೀವ್ರ ಹಿಮೋಫಿಲಿಯಾ ಎ ಇರುವ ಐವರಿಗೆ ಜೀನ್ ಚಿಕಿತ್ಸೆ ಕೊಟ್ಟು, ಅದರ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ನಂತರ ಅವರಿಗೆ ರಕ್ತಸ್ರಾವ ನಿಂತಿತ್ತು. ಅದರಲ್ಲಿ ಭಾಗಿಯಾದ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ ನಮ್ಮ ಬೆಂಗಳೂರಿನ ಇನ್‌ಸ್ಟೆಮ್‌ನ ಘಟಕ.

ಆದರೆ ಹಳೆಯ ಮಾದರಿಯಲ್ಲೇ ಒಂದು ಉಪಾಯ ಉಳಿದಿದೆ: ರಕ್ತ ಸೋರಿದ ಮೇಲೆ ಕೊಡುವ ಬದಲು, ಸೋರುವ ಮೊದಲೇ ವಾರಕ್ಕೆ ಎರಡು ಮೂರು ಸಲ ಅದೇ ಫ್ಯಾಕ್ಟರನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದು. ಇದನ್ನು ಪ್ರೊಫಿಲ್ಯಾಕ್ಸಿಸ್ ಎನ್ನುತ್ತಾರೆ. ಔಷಧದ ಬಿಲ್ಲನ್ನಷ್ಟೇ ನೋಡಿದರೆ ದುಬಾರಿ ಅನ್ನಿಸುತ್ತದೆ. 6ನೇ ಅಧ್ಯಾಯದ ಕಾಣದ ಖರ್ಚನ್ನೆಲ್ಲ ಆಚೆ ತಟ್ಟೆಗೆ ಹಾಕಿ ತೂಗಿ ನೋಡಿ. ನಿಮ್ಮ ಆಸ್ಪತ್ರೆಗೆ ಅರ್ಜಿ ಬರೆದು ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಪುರಾವೆ ಇರುವುದಿಲ್ಲ.

ಒಬ್ಬರೇ ಕೇಳಬೇಡಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಈ ಕಾಯಿಲೆ ಇರುವವರು, ಪೆಥಾಲಜಿ ಪ್ರಾಧ್ಯಾಪಕರು. ದೇಶಮಟ್ಟದ ಹಿಮೋಫಿಲಿಯಾ ಫೆಡರೇಷನ್ 1983ರಲ್ಲಿ ಹುಟ್ಟಿದ್ದೂ ಇಂಥ ಕುಟುಂಬಗಳ ಕೈಯಿಂದಲೇ. ಒಬ್ಬ ತಾಯಿ ಕೇಳಿದರೆ ಅದು ಅಳಲು. ಅದೇ ಮಾತನ್ನು ಐವತ್ತು ತಾಯಂದಿರು ಕೇಳಿದರೆ ಇಂಡೆಂಟ್.

9. ಈ ಸಲಕರಣೆ ಮನೆಯಲ್ಲಿಲ್ಲದವರಿಗೆ

ನೀವು ಮುಖ್ಯೋಪಾಧ್ಯಾಯರು, ಮ್ಯಾನೇಜರ್, ಮನೆ ಮಾಲೀಕರು, ಚಿಕ್ಕಮ್ಮ, ಅಥವಾ ಕ್ಯಾಷುಯಲ್ಟಿಯ ಡ್ಯೂಟಿ ಡಾಕ್ಟರ್ ಆಗಿರಬಹುದು. ಈ ಕೈಪಿಡಿ ಪೂರ್ತಿ ಓದಬೇಕಾಗಿಲ್ಲ. ಹುಡುಗ ನೋವು ಎಂದಾಗ ನಂಬಿ. ನೀವು ಚೀಟಿ ಕೇಳಿ, ಊತ ಕಾಣಲೆಂದು ಕಾದು, ಎಕ್ಸ್‌ರೇ ನೋಡಿ, ಕೊನೆಗೆ ನಂಬುವ ಹೊತ್ತಿಗೆ ಕೀಲು ಹಾಳಾಗಿರುತ್ತದೆ. ಆಮೇಲೆ ಪುರಾವೆಗೆ ಕೊರತೆಯಿಲ್ಲ, ಮಂಡಿಯೇ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯ ಖರ್ಚನ್ನು ಮಾತ್ರ ಯಾರೂ ವಾಪಸು ಕೊಡುವುದಿಲ್ಲ.